ಹನ್ನೆರಡು ಗುಂಟೆಗೆ ಐವತ್ತು ಮೊಟ್ಟೆ

ಆ ವರ್ಷಗಳಲ್ಲಿ ನಮ್ಮ ಕಡೆ ಯಾರು ಬಾಯಿ ಬಿಟ್ಟರೂ ಎಕರೆಯ ಮಾತೇ. ದೇವನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ, ಹಾಲಿನ ಡೈರಿಯ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲೇ ಕೂತರೂ ಯಾರದು ಎಷ್ಟು ಹೋಯಿತು, ಯಾರದು ಎಷ್ಟು ಉಳಿಯಿತು ಎನ್ನುವುದೇ. ವಿಮಾನ ನಿಲ್ದಾಣ ಬರುತ್ತದಂತೆ ಎನ್ನುತ್ತಿದ್ದವರು ನೋಡನೋಡುತ್ತಲೇ ಬೇಲಿ ಹಾಕಿದರಂತೆ ಎನ್ನತೊಡಗಿದರು. ಎಲೆಯ ಮೇಲಿನ ಸಾರು ತಣ್ಣಗಾದರೂ ಅವರ ಎಕರೆ ಗುಂಟೆ ಮುಗಿಯುತ್ತಿರಲಿಲ್ಲ. ಅದೇ ಸಮಯದಲ್ಲಿ ನಾನೂ ಒಂದು ಜಾಗದ ವಿಸ್ತೀರ್ಣದ ಬಗ್ಗೆ ತಲೆಕೆಡಿಸಿಕೊಂಡು ಕೂತಿದ್ದೆ. ಆ ಜಾಗ ಮಾತ್ರ ಕಂಪ್ಯೂಟರಿನ ಒಳಗಿತ್ತು.

ಕಂಪ್ಯೂಟರ್ ತಂದದ್ದು ಅಣ್ಣ. ಅವನು ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಅಲ್ಲೇ ರೂಮು ಮಾಡಿಕೊಂಡಿದ್ದ. ನಾನು ದೊಡ್ಡಬಳ್ಳಾಪುರದಲ್ಲಿ ಡಿಗ್ರಿ ಮುಗಿಸಿ, ಮುಂದೇನು ಅಂತ ತಿಳಿಯದೆ ಮನೆಯಲ್ಲಿದ್ದೆ. ಟೈಪಿಂಗ್ ಆದರೂ ಕಲಿಯಲಿ ಎಂದು ಯಾರೋ ಬಿಟ್ಟ ಹಳೆಯ ಕಂಪ್ಯೂಟರನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದ. ಜೊತೆಗೆ ಒಂದು ಸಿ.ಡಿ. ಅದರಲ್ಲಿ ಕತ್ತಿ ಹಿಡಿದವರು, ಮಂತ್ರ ಹಾಕುವವರು, ಹಾರುವ ಸರ್ಪಗಳಿರುವ ಒಂದು ಆಟ. ಹೀಗೇ ಹೋಗು, ಹಾಗೇ ಬಾ ಅಂತ ಯಾರೂ ಹೇಳುವುದಿಲ್ಲ. ಒಬ್ಬ ಮನುಷ್ಯನನ್ನು ಬಯಲಿನಲ್ಲಿ ನಿಲ್ಲಿಸಿ ಕೈ ತೊಳೆದುಕೊಳ್ಳುತ್ತದೆ. ಮುಂದಿನದು ನಮ್ಮ ಇಷ್ಟ.

"ನಮ್ಮ ಹೋಬಳಿಗಿಂತ ದೊಡ್ಡದು ಕಣೇ ಇದರ ಮ್ಯಾಪು," ಅಂದ ಅಣ್ಣ.

"ಯಾರು ಅಳೆದ್ರು?"

"ಅಳೆಯೋದೇನು, ಎಲ್ಲಾರೂ ಹೇಳ್ತಾರೆ."

ಎಲ್ಲರೂ ಹೇಳುತ್ತಾರೆ ಅಂದರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಅಳೆದೇ ಬಿಡುವುದು ಅಂತ ಕೂತೆ. ನನ್ನ ಮನುಷ್ಯನನ್ನು ದಕ್ಷಿಣದ ತುದಿಯಲ್ಲಿ ನಿಲ್ಲಿಸಿ, ಮುಂದೆ ನಡೆಸುವ ಕೀ ಮೇಲೇಳದಂತೆ ಸಂದಿಗೆ ಬೆಂಕಿಕಡ್ಡಿ ಸಿಗಿಸಿ, ಗಡಿಯಾರ ನೋಡುತ್ತಾ ಹೆಜ್ಜೆ ಎಣಿಸಿದೆ. ಹೆಜ್ಜೆಗೆ ಎರಡೂವರೆ ಅಡಿ, ನಮ್ಮಪ್ಪ ಹೊಲ ಅಳೆಯುತ್ತಿದ್ದ ಹಾಗೆಯೇ. ಎರಡು ಸಲ ಕರೆಂಟು ಹೋಗಿ ಎಲ್ಲ ಮೊದಲಿಂದ ಶುರುವಾಯಿತು. ಮೂರನೇ ಸಲ ಉತ್ತರದ ತುದಿ ಮುಟ್ಟಿತು. ಅಲ್ಲಿ ಎದುರಿಗೆ ಇನ್ನೂ ಬೆಟ್ಟ, ಕಾಡು, ಹೊಳೆ ಎಲ್ಲ ಕಾಣುತ್ತಿದೆ, ಆದರೆ ಮನುಷ್ಯ ನಿಂತಲ್ಲೇ ಕಾಲಾಡಿಸುತ್ತಿದ್ದಾನೆ. ಆಚೆ ಹೋಗುವಂತಿಲ್ಲ, ಹಿಂದಿರುಗು ಅಂತ ಒಂದು ಸಾಲು ಬಂತು. ಲೆಕ್ಕ ಹಾಕಿದರೆ ನಮ್ಮೂರಿಂದ ಪಕ್ಕದ ವಿಜಯಪುರಕ್ಕೆ ನಡೆಯುವಷ್ಟು ದೂರವೂ ಇರಲಿಲ್ಲ!

ನನಗೆ ಮೋಸಹೋದಂತಾಯಿತು. ಅಷ್ಟು ಚಿಕ್ಕದನ್ನೇ ಆಟ ಮಾಡಿದವರು ಹೇಗೆ ದೊಡ್ಡದಾಗಿ ಕಾಣಿಸಿದರು? ಹತ್ತು ಹೆಜ್ಜೆಗೊಂದು ಗುಹೆ, ಇಪ್ಪತ್ತಕ್ಕೊಂದು ಪಾಳು ಗುಡಿ, ದಾರಿಯನ್ನು ನೇರ ಬಿಡದೆ ಗುಡ್ಡ ಸುತ್ತಿಸಿ ಸುತ್ತಿಸಿ ಒಯ್ದಿದ್ದರು. ಇದು ತಿಳಿದ ಮೇಲೆ ಆಟ ಬಿಟ್ಟೆ ಅಂದುಕೊಳ್ಳಬೇಡಿ. ಇದಕ್ಕಿಂತ ದೊಡ್ಡದು ಬೇಕು ಅನ್ನುವ ಹಟ ಹಿಡಿಯಿತು. ಇನ್ನೂ ದೊಡ್ಡ ಮ್ಯಾಪಿನ ಆಟ ಸಿಕ್ಕರೆ ತಾ ಅಂತ ವಾರವಾರವೂ ಅಣ್ಣನ ಜೀವ ತಿನ್ನುತ್ತಿದ್ದೆ. ದೊಡ್ಡದಾದರೆ ಒಳ್ಳೆಯದು, ಅಷ್ಟೇ ನನ್ನ ಬುದ್ಧಿ.

ಅಮ್ಮ ಒಮ್ಮೆ ಸೊಪ್ಪಿನ ಹೊರೆ ಇಳಿಸಿ ಬಾಗಿಲಲ್ಲಿ ನಿಂತು ನೋಡಿದಳು. "ಎಷ್ಟು ದೊಡ್ಡದಮ್ಮೀ ಅದು?"

"ಸಾವಿರಾರು ಎಕರೆ."

"ಹಂಗಂದ್ರೆ ನಂಗೇನು ಗೊತ್ತಾಯ್ತದೆ? ಎಷ್ಟು ಮೊಟ್ಟೆ ಮೇಯ್ತದೆ ಹೇಳು."

ಅಮ್ಮ ಜಮೀನು ಅಳೆಯುತ್ತಿದ್ದದ್ದೇ ಹಾಗೆ. ನಮ್ಮದು ರೇಷ್ಮೆಹುಳು ಸಾಕುವ ಮನೆ. ಹುಳುವನ್ನು ಎಷ್ಟು ಚಿಟ್ಟೆಗಳ ಮೊಟ್ಟೆಯದು ಅಂತ ಲೆಕ್ಕ ಹಿಡಿದು ತರುತ್ತೇವೆ. ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟಿದ್ದಷ್ಟೂ, ಅದರಲ್ಲಿ ನೂರಾರು ಹುಳು. ಅಷ್ಟು ಹುಳುವಿಗೆ ಹುಟ್ಟಿದಾಗಿನಿಂದ ಗೂಡು ಕಟ್ಟುವ ತನಕ ಹಿಪ್ಪುನೇರಳೆ ಸೊಪ್ಪು ಬೇಕು. ನಮ್ಮ ತೋಟ ಒಂದು ಎಕರೆ ಎಂಟು ಗುಂಟೆ. ಅಮ್ಮನ ಬಾಯಲ್ಲಿ ಅದು ಇನ್ನೂರು ಮೊಟ್ಟೆ ತೋಟ. ಆಟದ ಜಗತ್ತನ್ನು ನಾನು ನೋಟ್‌ಬುಕ್ಕಿನ ಹಿಂದೆ ಗುಣಿಸಿ ನೋಡಿ, ಲಕ್ಷಗಟ್ಟಲೆ ಮೊಟ್ಟೆ ಮೇಯುತ್ತೆ ಅಂದೆ. "ಅಷ್ಟಕ್ಕೂ ಸೊಪ್ಪು ಹಾಕೋರು ಯಾರು?" ಅಂತ ಕೇಳಿ ಒಳಗೆ ಹೋದಳು.

ಆ ಇನ್ನೂರು ಮೊಟ್ಟೆ ತೋಟದಲ್ಲಿ ಮೂವತ್ತಾರು ಗುಂಟೆ ವಿಮಾನ ನಿಲ್ದಾಣದ ಬೇಲಿಯ ಒಳಗೆ ಸೇರಿತು. ಹೊರಗೆ ಉಳಿದದ್ದು ಹನ್ನೆರಡು ಗುಂಟೆಯ ಒಂದು ಮೂಲೆ. ಅಪ್ಪ ಆಗಲೇ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕ್ ಕಟ್ಟಿಕೊಂಡು ಅಲ್ಲಿನ ಕಾಮಗಾರಿಗೆ ನೀರು ಹೊಡೆಯುತ್ತಿದ್ದ. ಉಳಿದ ತುಂಡಿನಲ್ಲಿ ತೋಟ ಕಿತ್ತು, ಕೂಲಿಯವರಿಗೆ ತಗಡಿನ ಶೆಡ್ಡು ಹಾಕಿಸಿ ಬಾಡಿಗೆಗೆ ಬಿಡೋಣ ಅಂದ. ಅಂದದ್ದಷ್ಟೇ ಅಲ್ಲ, ಅಮ್ಮನನ್ನು ಕೇಳದೆಯೇ ಗಿಡಗಳ ನಡುವೆ ನಾಲ್ಕು ಗೂಟ ನೆಟ್ಟು ದಾರ ಎಳೆದುಬಿಟ್ಟಿದ್ದ.

"ಹನ್ನೆರಡು ಗುಂಟೆ ಒಂದು ತೋಟಾನಾ? ಹಲ್ಲಿನ ಸಂದಿಗೂ ಸಾಲ್ದು ಅದು," ಅಂದ.

"ಐವತ್ತು ಮೊಟ್ಟೆ ಮೇಯ್ತದೆ."

"ಮೇಯ್ಸು ನೋಡಾಣ. ಹೊರಗಿಂದ ಒಂದು ಹೊರೆ ಸೊಪ್ಪೂ ತರಕೂಡ್ದು. ಈ ತುಂಡೇ ಮೇಯಿಸಿದ್ರೆ ಶೆಡ್ಡು ಬೇಡ ಬಿಡು. ಇಲ್ದಿದ್ರೆ ಗೂಟ ಕೀಳಂಗಿಲ್ಲ."

"ಆಯ್ತು," ಅಂದಳು ಅಮ್ಮ. ಅಷ್ಟೇ. ಅವಳು ಹೆಚ್ಚು ಮಾತಾಡದಿದ್ದರೆ ಜೀವವನ್ನೇ ಪಣಕ್ಕಿಟ್ಟಿದ್ದಾಳೆ ಅಂತ ನಮಗೆ ಗೊತ್ತು. ಹದಿನಾರು ವರ್ಷಕ್ಕೆ ಆ ಮನೆಗೆ ಬಂದವಳು, ಆ ತೋಟ ಬಿಟ್ಟರೆ ನನ್ನದು ಅಂತ ಅವಳು ಯಾವುದನ್ನೂ ಕೇಳಿದ್ದಿಲ್ಲ.

ಎರಡನೇ ಜ್ವರ ಮುಗಿಸಿದ ಮರಿಹುಳು ತರಲು ಅಮ್ಮ ನನ್ನನ್ನೇ ಕಳಿಸಿದಳು. ಹುಳು ಬೆಳೆಯುವಾಗ ನಾಲ್ಕು ಸಲ ಊಟ ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು ಚರ್ಮ ಕಳಚುತ್ತವೆ. ಅದನ್ನೇ ನಾವು ಜ್ವರ ಅನ್ನುವುದು. ಮರಿ ಸಾಕಿ ಮಾರುವವನ ಮನೆಯಲ್ಲಿ ಅವತ್ತು ಗಿರಾಕಿಗಳೇ ಇರಲಿಲ್ಲ.

"ಏನ್ ಮಾಡೋದಮ್ಮ, ಹೇಳಿಟ್ಟೋರೆಲ್ಲಾ ಬ್ಯಾಡ ಅಂದ್ಬಿಟ್ರು. ತೋಟನೇ ಇಲ್ವಲ್ಲ," ಅಂದ ಅವನು. ಐವತ್ತು ಮೊಟ್ಟೆಯ ಮರಿ ಕಟ್ಟಿಕೊಟ್ಟ ಮೇಲೆ ಇನ್ನೊಂದು ತಟ್ಟೆ ತೋರಿಸಿದ. "ಇಪ್ಪತ್ತೈದು ಮೊಟ್ಟೆದು. ಸುಮ್ನೆ ತಗೊಂಡೋಗು. ಇಲ್ದಿದ್ರೆ ನಾನು ಬಿಸಾಕ್ಬೇಕು."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಐವತ್ತು ಮೇಯಿಸಿದರೆ ಅಪ್ಪ ಹೂಂ ಅನ್ನಬಹುದು, ಎಪ್ಪತ್ತೈದು ಮೇಯಿಸಿದರೆ ಬಾಯಿ ಮುಚ್ಚಿಕೊಂಡು ಗೂಟ ಕೀಳಬೇಕು. ಹನ್ನೆರಡು ಗುಂಟೆಯನ್ನೂ ದೊಡ್ಡದಾಗಿ ಕಾಣಿಸಬಹುದಲ್ಲ, ಆಟದವರು ಕಾಣಿಸಿದಂತೆ. ಸೊಪ್ಪು ಹೇಗೋ ಆಗುತ್ತೆ. ಬಸ್ಸಿನಲ್ಲಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ನನ್ನ ಜಾಣತನಕ್ಕೆ ನಾನೇ ಹಿಗ್ಗಿಕೊಂಡು ಬಂದೆ. ದಡ್ಡಿ!

ಅಮ್ಮ ಮರಿಗಳನ್ನು ತಟ್ಟೆಗೆ ಬಿಡುವಾಗಲೇ ಕೈ ನಿಲ್ಲಿಸಿದಳು. "ಜಾಸ್ತಿ ಅನ್ನಿಸ್ತಾ ಅದಲ್ಲಮ್ಮೀ?"

ಹೇಳಬೇಕಾಗಿದ್ದದ್ದು ಆಗಲೇ. ಆದರೆ ಅವಳ ಮುಖದಲ್ಲಿ ಎಷ್ಟು ಎಚ್ಚರವಿತ್ತೆಂದರೆ ನನ್ನ ನಾಲಿಗೆ ಬೇರೆಯೇ ಆಡಿತು. "ಈ ಸಲ ಮೊಟ್ಟೆ ಚೆನ್ನಾಗಿ ಒಡೆದಿದೆ ಅಂದ್ರು," ಅಂದೆ. ಅಮ್ಮ ನಂಬಿದಳು. ನಾನು ಹುಳುವಿನ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಬಹುದು ಅಂತ ಅವಳಿಗೆ ಹೊಳೆದೇ ಇಲ್ಲ.

ಮೂರನೇ ಜ್ವರ ಕಳೆಯುವ ತನಕ ಎಲ್ಲ ಸರಿಯಿತ್ತು. ಚಿಕ್ಕ ಹುಳುವಿಗೆ ಏನು ಮಹಾ ಬೇಕು? ಆಮೇಲೆ ನನಗೆ ಸಂಕಟ ಶುರುವಾಯಿತು. ಬೆಳಗ್ಗೆ ಸೊಪ್ಪು ಕೊಯ್ದು ಬರುವಾಗ ಹಿಂದೆ ತಿರುಗಿ ಬೋಳಾದ ಸಾಲು ಎಣಿಸುತ್ತಿದ್ದೆ. ಉಳಿದ ಸಾಲು ಎಣಿಸುತ್ತಿದ್ದೆ. ಉಳಿದ ದಿನ ಎಣಿಸುತ್ತಿದ್ದೆ. ಮೂರೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆಟ ಹಾಕಿಕೊಂಡು ಕೂತರೂ ಅಷ್ಟೇ. ನನ್ನ ಮನುಷ್ಯ ಕತ್ತಿ ಹಿಡಿದು ಬಯಲಿನಲ್ಲಿ ನಿಂತಿರುತ್ತಿದ್ದ. ಅಷ್ಟು ವಿಶಾಲವಾದ ಆ ಹಸಿರೆಲ್ಲ ನೋಡಿ, ಇದರಲ್ಲಿ ಒಂದು ಹೊರೆ ಈಚೆಗೆ ಬರಬಾರದೇ ಅಂತ ಹುಚ್ಚು ಯೋಚನೆ ಬರುತ್ತಿತ್ತು.

ನಾಲ್ಕನೇ ಜ್ವರದಿಂದ ಎದ್ದ ಹುಳು ತಿನ್ನುವುದೇ ತಿನ್ನುವುದು. ಹುಟ್ಟಿದಾಗಿನಿಂದ ತಿಂದದ್ದೆಲ್ಲ ಒಂದು ಕಡೆ, ಆ ಕೊನೆಯ ಏಳೆಂಟು ದಿನ ತಿನ್ನುವುದೇ ಒಂದು ಕಡೆ. ಹುಳು ಮನೆಯ ಬಾಗಿಲಿಗೆ ಕಿವಿ ಕೊಟ್ಟರೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಸದ್ದು. ಬೇರೆ ವರ್ಷ ಆ ಸದ್ದು ಕೇಳಿದರೆ ಖುಷಿಯಾಗುತ್ತಿತ್ತು. ಆ ಸಲ ನಾನು ಕಿವಿ ಮುಚ್ಚಿಕೊಂಡೆ.

ಎರಡನೇ ದಿನ ಸಂಜೆ ಅಮ್ಮ ತೋಟದ ಬದುವಿನ ಮೇಲೆ ಕೂತುಬಿಟ್ಟಳು. ಅವಳು ಹಾಗೆ ಸುಮ್ಮನೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

"ನಿಮ್ಮಪ್ಪ ಅಂದಿದ್ದೇ ಸರಿಯೇನೋ ಕಣಮ್ಮೀ," ಅಂದಳು. "ತುಂಡು ಸಣ್ಣದೇ. ಇಷ್ಟು ವರ್ಷ ಮಾಡಿ ನಂಗೆ ಅಷ್ಟೂ ಗೊತ್ತಾಗ್ಲಿಲ್ಲ ನೋಡು. ಐವತ್ತು ಅಂದ್ಕೊಂಡಿದ್ದೆ. ನನ್ನ ಅಂದಾಜೇ ತಪ್ಪೋಯ್ತು."

ನನಗೆ ತೋಟ ಹೋಗುತ್ತದೆ ಅನ್ನುವ ಭಯವಿತ್ತು, ಹುಳು ಸಾಯುತ್ತವೆ ಅನ್ನುವ ಭಯವಿತ್ತು. ಆದರೆ ಅಮ್ಮ ತನ್ನನ್ನೇ ದೂರಿಕೊಳ್ಳುತ್ತಾಳೆ ಅಂತ ನಾನು ಎಣಿಸಿರಲಿಲ್ಲ. ಗಿಡ ನೋಡಿ ಇದರಲ್ಲಿ ಇಷ್ಟು ಹೊರೆ ಅಂದರೆ ಊರವರು ತೂಕ ಹಾಕುತ್ತಿರಲಿಲ್ಲ, ಅಂಥ ಅಮ್ಮ! ಆಗಲೂ ನಾನು ಬಾಯಿ ಬಿಡಲಿಲ್ಲ. ಬೇರೆ ಒಂದು ದಾರಿ ಹುಡುಕಿದೆ, ಅದೂ ಕಳ್ಳ ದಾರಿಯೇ.

ಬೇಲಿಯ ಆಚೆ ನಮ್ಮ ಹಳೆಯ ತೋಟದ ಮೂವತ್ತಾರು ಗುಂಟೆ ಇನ್ನೂ ಹಾಗೆಯೇ ನಿಂತಿತ್ತು. ಯಂತ್ರ ಆ ಮೂಲೆಗೆ ಬಂದಿರಲಿಲ್ಲ. ಯಾರೂ ಕೊಯ್ಯದೆ ಗಿಡಗಳು ಆಳೆತ್ತರ ಬೆಳೆದಿದ್ದವು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಕುಡುಗೋಲು ಹಿಡಿದು ಹೋದೆ. ತಂತಿಬೇಲಿಯ ಮುಂದೆ ಒಂದು ಗಳಿಗೆ ಕಾಲು ಮುಂದಕ್ಕೆ ಬರಲಿಲ್ಲ. ಆಚೆಗೆ ಎಲ್ಲ ಕಾಣುತ್ತಿದೆ, ಹಿಂದಿರುಗು ಅನ್ನುವ ಸಾಲು ಈಗಲೇ ಬರುತ್ತದೆ ಅನ್ನಿಸಿತು. ಬರಲಿಲ್ಲ. ತಂತಿಯ ಕೆಳಗೆ ಮಣ್ಣು ಕೊರೆದು ಹೋಗಿದ್ದ ಕಡೆ ತೂರಿಕೊಂಡೆ. ನಾನು ಹುಟ್ಟಿ ಬೆಳೆದ ತೋಟದಲ್ಲಿ ಬಗ್ಗಿಕೊಂಡು, ಪ್ರತಿ ಸದ್ದಿಗೂ ಬೆಚ್ಚಿಬೀಳುತ್ತಾ ಒಂದು ಹೊರೆ ಕೊಯ್ದೆ. ದೂರದಲ್ಲಿ ಟಿಪ್ಪರ್ ಲಾರಿ ಗುಡುಗಿದಾಗ ಹೊರೆಯ ಹಿಂದೆ ಮುದುಡಿ ಕೂತೆ.

ಹೊರೆ ತಂದು ಇಳಿಸಿದೆ. ಅಮ್ಮ ಹುಳುವಿಗೆ ಹಾಕಲು ಒಂದು ಎಲೆ ಎತ್ತಿಕೊಂಡು, ಎರಡು ಬೆರಳ ನಡುವೆ ಉಜ್ಜಿ, ಬೆರಳು ನೋಡಿದಳು. ಬೂದಿ ಬಣ್ಣದ ಪುಡಿ ಅಂಟಿತ್ತು.

"ಎಲ್ಲಿಂದ ತಂದೆ?"

"ಹಳೇ ತೋಟದಿಂದ."

"ಬೇಲಿ ಒಳಗಿಂದ?" ಅಮ್ಮನ ದನಿ ಮೇಲೇರಲಿಲ್ಲ. "ಇದು ಸಿಮೆಂಟು ಕಣೆ. ತಿಂದ್ರೆ ಹುಳ ಉಳೀತವಾ? ತೊಳೆದು ಹಾಕೋಣ ಅಂದ್ರೆ ಒದ್ದೆ ಸೊಪ್ಪಿಗೆ ರೋಗ ಬರ್ತದೆ. ಅಲ್ಲಾ, ಸೊಪ್ಪು ಸಾಲದಿದ್ರೆ ಸಾಲ್ದು ಅಂತ ಒಪ್ಕೊಳ್ಳಾಣ. ನಾನು ಅಂದಾಜು ತಪ್ಪಿದ್ದಕ್ಕೆ ನೀನ್ಯಾಕೆ ಕಳ್ತನ ಮಾಡ್ಬೇಕು?"

ಅಲ್ಲಿಗೆ ನನ್ನಿಂದ ಆಗಲಿಲ್ಲ. "ನಿನ್ನ ಅಂದಾಜು ತಪ್ಪಿಲ್ಲಮ್ಮ," ಅಂದೆ. ಅಳು ಬಂದುಬಿಟ್ಟಿತ್ತು. "ಐವತ್ತಲ್ಲ, ಎಪ್ಪತ್ತೈದು ಮೊಟ್ಟೆದು ತಂದ್ಬಿಟ್ಟೆ. ಅವ್ನು ಸುಮ್ನೆ ಕೊಟ್ಟ."

ಅಮ್ಮ ಬಯ್ಯುತ್ತಾಳೆ, ಹೊಡೆಯುತ್ತಾಳೆ ಅಂತ ತಲೆ ತಗ್ಗಿಸಿ ನಿಂತೆ. ತಲೆಯೆತ್ತಿದರೆ ಅವಳು ತೋಟದ ಕಡೆ ನೋಡುತ್ತಿದ್ದಳು. ಮುಖದಲ್ಲಿ ಒಂದು ವಾರದಿಂದ ಇಲ್ಲದಿದ್ದ ಕಳೆ.

"ಎಪ್ಪತ್ತೈದಾ? ಅಂಗಾದ್ರೆ ಸರಿಯಾಗೇ ಅಂದಿದ್ದೆ ನಾನು," ಅಂದಳು, ತನಗೆ ತಾನೇ. ಆಮೇಲೆ ನನ್ನ ಕಡೆ ತಿರುಗಿದಳು. "ಯಾಕೆ ತಂದೆ?"

"ಜಾಸ್ತಿ ಮೇಯಿಸಿದ್ರೆ ಅಪ್ಪ ಒಪ್ಕೋತಾನೆ ಅಂತ."

"ಐವತ್ತು ಸಾಲ್ದು ಅನ್ನಿಸ್ತಾ ನಿಂಗೆ?"

ನಾನು ಸಿಮೆಂಟು ಹತ್ತಿದ ಹೊರೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದೆ.

"ತೋಟ ಸಣ್ಣದು ಅಂತ ನಿಮ್ಮಪ್ಪ ಅಂದ. ನೀನೂ ಅಂದೆ," ಅಂದಳು ಅಮ್ಮ.

ಅವಳು ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಪರವಾಗಿಯೇ ಎಲ್ಲ ಮಾಡುತ್ತಿದ್ದೇನೆ ಅಂತ ನಾನು ಅಂದುಕೊಂಡಿದ್ದೆನಲ್ಲ.

ಹೆಚ್ಚಿನ ಹುಳುವನ್ನು ಯಾರಿಗಾದರೂ ಕೊಡೋಣ ಅಂದರೆ ನಮ್ಮ ಸುತ್ತ ತೋಟ ಉಳಿದವರೇ ಇರಲಿಲ್ಲ. ಅಮ್ಮ ಹುಳು ಮನೆಯೊಳಗೆ ಹೋಗಿ ತಟ್ಟೆಗಳನ್ನು ಒಂದೊಂದಾಗಿ ನೋಡಿದಳು. ಹಿಂದುಳಿದವು, ಬಡಕಲಾದವು ಯಾವುವು ಅಂತ ಆರಿಸಿ ಬೇರೆ ಮಾಡಿದಳು. ಮೂರು ತಟ್ಟೆಗೆ ಒಂದರಂತೆ ಹೊರಗೆ ಹೋಗಬೇಕು. "ನೀನೇ ಎತ್ತು," ಅಂದಳು. ಒಂದೊಂದೇ ತಟ್ಟೆ ಹೊತ್ತು ಹಿತ್ತಿಲಿಗೆ ಒಯ್ದು ಸುರಿದೆ. ಹುಳುಗಳು ಸೊಪ್ಪು ಬಂತೆಂದು ತಲೆಯೆತ್ತಿ ಆಡಿಸುತ್ತಿದ್ದವು. ಕೋಳಿಗಳು ಓಡಿ ಬಂದವು. ಕಡೆಯ ತಟ್ಟೆಯನ್ನು ಅಳುತ್ತಲೇ ಸುರಿದೆ.

"ಅತ್ತಿದ್ದು ಸಾಕು. ಸೊಪ್ಪು ಕೊಯ್ಯೋಣ ನಡಿ, ಉಳಿದವು ಕಾಯ್ತಾ ಇದಾವೆ," ಅಂದಳು ಅಮ್ಮ.

ಆಮೇಲಿನ ಐದು ದಿನ ನಾವಿಬ್ಬರೂ ಒಂದು ಎಲೆಯನ್ನೂ ನೆಲಕ್ಕೆ ಬೀಳಿಸಲಿಲ್ಲ. ಹೆಚ್ಚಿನ ಹುಳು ಅಷ್ಟು ದಿನ ತಿಂದ ಸೊಪ್ಪು ವಾಪಸ್ಸು ಬರುವಂತಿರಲಿಲ್ಲವಲ್ಲ. ಕಡೆಯ ದಿನ ಕೊನೆಯ ಸಾಲೂ ಮುಗಿದು, ತುದಿಯ ಕುಡಿಗಳನ್ನು ಚಿವುಟಿ ತಂದೆವು. ಮಧ್ಯಾಹ್ನದ ಮೇವಿಗೆ ಏನೂ ಇಲ್ಲ. ನಾನು ಹುಳು ಮನೆಯ ಮೂಲೆಯಲ್ಲಿ ಉಗುರು ಕಚ್ಚುತ್ತಾ ನಿಂತಿದ್ದೆ. ಅಮ್ಮ ಒಂದು ಹುಳುವನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು. ಮೈ ಹಳದಿಯಾಗಿ, ಒಳಗೆ ದೀಪವಿಟ್ಟಂತೆ ಕಾಣುತ್ತಿತ್ತು.

"ಹಣ್ಣಾಗವೆ. ಇನ್ನು ಅವಕ್ಕೆ ಸೊಪ್ಪು ಬ್ಯಾಡ. ಚಂದ್ರಿಕೆ ತಾ," ಅಂದಳು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಓಡಿ ಹೋಗಿ ತಂದೆ.

ಗೂಡು ಬಿಡಿಸುವ ದಿನ ಅಪ್ಪ ಬಂದ. ಗೂಡುಗಳನ್ನು ಹಿಚುಕಿ ನೋಡಿ, ಗಟ್ಟಿಯಾಗವೆ ಅಂದ. ನಂತರ ತೋಟಕ್ಕೆ ಹೋಗಿ ನಿಂತ. ಹನ್ನೆರಡು ಗುಂಟೆಯಲ್ಲೂ ಬರೀ ಕಡ್ಡಿಗಳು, ನಡುವೆ ಅವನ ನಾಲ್ಕು ಗೂಟ. ಹಿಂದೆ ನಾವಿಬ್ಬರೂ ಹೋಗಿದ್ದೆವು.

"ನೋಡು, ಒಂದು ಕುಡಿನೂ ಇಲ್ಲ. ಚಿವುಟಿ ಚಿವುಟಿ ಹಾಕಿದ್ದೀಯ," ಅಂದ. "ಹಿತ್ತಿಲಲ್ಲಿ ಕೋಳಿ ಹುಳ ತಿಂತಿದ್ವು, ನಾನೇನು ಕುರುಡನಾ? ಸಾಲ್ಲಿಲ್ಲ ಅಂತ ಅರ್ಧ ಚೆಲ್ಲಿದ್ದೀಯ. ಐವತ್ತು ಎಲ್ಲಿ ಮೇಯ್ತು?"

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು ನಿಂತಳು. ಅಪ್ಪನ ಕೋಪ ನನಗೆ ಗೊತ್ತು, ಮೂರು ದಿನ ಮಾತು ಬಿಡುವ ಜಾತಿಯದು. ಅದಕ್ಕಿಂತ ಹೆಚ್ಚಿನ ಭಯ, ಮೋಸ ಮಾಡಿದ್ದೀರಿ, ಪಂದ್ಯವೇ ಇಲ್ಲ ಅಂದುಬಿಟ್ಟರೆ?

"ಐವತ್ತೂ ಮೇಯ್ದಿದೆ," ಅಂದೆ. "ಚೆಲ್ಲಿದ್ದು ಅದಲ್ಲ. ನಾನು ಇಪ್ಪತ್ತೈದು ಜಾಸ್ತಿ ತಂದಿದ್ದೆ. ಅಮ್ಮಂಗೆ ಸುಳ್ಳು ಹೇಳಿದ್ದೆ. ಜಾಸ್ತಿ ತಂದವು ಎರಡು ವಾರ ತಿಂದು, ಆಮೇಲೆ ಕೋಳಿ ಪಾಲಾದ್ವು. ಅವಕ್ಕೆ ಹಾಕಿದ ಸೊಪ್ಪೂ ಇಲ್ಲೀದೇ. ಬೇಲಿ ಒಳಗಿಂದ ಒಂದು ಹೊರೆ ತಂದೆ, ಅದನ್ನ ಅಮ್ಮ ಹಾಕ್ಲಿಲ್ಲ. ಬೇಕಿದ್ರೆ ಮರಿ ಕೊಟ್ಟೋನ್ನ ಕೇಳು."

ಅಪ್ಪ ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿದ. "ನೀನ್ಯಾಕೆ ಹೇಳ್ಲಿಲ್ಲ?"

"ಅವಳೇ ಹೇಳ್ಲಿ ಅಂತ," ಅಂದಳು ಅಮ್ಮ.

ಬೇಲಿಯ ಆಚೆ ಯಾವುದೋ ಯಂತ್ರ ಹಿಂದಕ್ಕೆ ಬರುವ ಪೀಂ ಪೀಂ ಸದ್ದು. ಅಪ್ಪ ಬೋಳು ಕಡ್ಡಿಗಳನ್ನು ಒಂದು ಸಲ ಈ ತುದಿಯಿಂದ ಆ ತುದಿಗೆ ನೋಡಿದ. ಸಾಲು ಎಣಿಸುತ್ತಿದ್ದಾನೆ ಅಂತ ತುಟಿ ನೋಡಿ ತಿಳಿಯಿತು. ಆಮೇಲೆ ಬಗ್ಗಿ ಮೊದಲನೇ ಗೂಟ ಅಲ್ಲಾಡಿಸಿ ಕಿತ್ತ. ದಾರ ಸುತ್ತಿಕೊಳ್ಳುತ್ತಾ ಎರಡನೆಯದು, ಮೂರನೆಯದು. ನಾಲ್ಕನೆಯದು ಗಟ್ಟಿಯಾಗಿ ಕೂತಿತ್ತು, ಬರಲಿಲ್ಲ. ನಾನೂ ಕೈ ಹಾಕಿದೆ. ಅಮ್ಮ ನಾಲ್ಕೂ ಗೂಟಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ, ಆ ಸಂಜೆಯೇ ಸ್ನಾನದ ನೀರೊಲೆಗೆ ಹಾಕಿದಳು.